ಹದಿನಾಲ್ಕು ಸೀಸದ ಗಟ್ಟಿ

ಹೊಸ ಬೈಕು ಲೀಟರಿಗೆ ಅರವತ್ತು ಕಿಲೋಮೀಟರ್ ಓಡಬೇಕಿತ್ತು. ಕಾರ್ಖಾನೆಯ ಟ್ರ್ಯಾಕಿನಲ್ಲಿ ಎಷ್ಟು ಸಲ ಓಡಿಸಿದರೂ ಐವತ್ತೆಂಟರಲ್ಲೇ ಮೊಂಡು ಹಿಡಿದು ನಿಲ್ಲುತ್ತಿತ್ತು. ಇಂಜಿನ್ ರೂಪಿಸಿದವಳು ಟೆಸ್ಟ್ ರೈಡರನ ಹೆಂಡತಿಯ ತಂಗಿ. ಪಾಪ, ಮೂರು ಸಲ ಬಿಚ್ಚಿ ಕಟ್ಟಿದ್ದಳು. ಸಂಜೆಯೊಳಗೆ ಅರವತ್ತು ಬರದಿದ್ದರೆ ಅವಳ ಎರಡು ವರ್ಷದ ಕೆಲಸ ಮೂಲೆಗೆ ಎಂದು ಮ್ಯಾನೇಜರು ಹೇಳಿಯಾಗಿತ್ತು.

“ನಿನ್ನ ಇಂಜಿನ್ನಿಗೆ ಹಸಿವು ಜಾಸ್ತಿ ಕಣಮ್ಮ,” ಎನ್ನುತ್ತಿದ್ದ ಭಾವ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಅಲ್ಲೊಂದು ನಿಯಮ: ಸವಾರ, ಹೆಲ್ಮೆಟ್ಟು, ಜಾಕೆಟ್ಟು ಎಲ್ಲ ಸೇರಿ ಸರಿಯಾಗಿ ಎಪ್ಪತ್ತೈದು ಕೆಜಿ ತೂಗಬೇಕು. ಕೆಲಸಕ್ಕೆ ಸೇರಿದಾಗ ಭಾವ ಕಡ್ಡಿಪೈಲ್ವಾನ, ಎಲ್ಲ ಸೇರಿದರೂ ಅರವತ್ತೊಂದೇ. ಉಳಿದದ್ದಕ್ಕೆ ಜಾಕೆಟ್ಟಿನ ಜೇಬುಗಳಲ್ಲಿ ಒಂದೊಂದು ಕೆಜಿಯ ಹದಿನಾಲ್ಕು ಸೀಸದ ಗಟ್ಟಿ. ಕಳೆದ ವರ್ಷ ಮದುವೆಯಾಯಿತು. ಎರಡನೇ ಸಲ ಬಡಿಸಲು ಬಂದರೆ ಬೇಡ ಎನ್ನುವ ಅಭ್ಯಾಸ ಅವನಿಗೆ ಬರಲಿಲ್ಲ. ತಕ್ಕಡಿ ಹತ್ತದೆಯೇ ಪುಸ್ತಕದಲ್ಲಿ ‘ಅರವತ್ತೊಂದು’ ಎಂದು ಬರೆದು, ಗಟ್ಟಿ ತುಂಬಿಕೊಂಡು ಹೊರಡುವ ಅಭ್ಯಾಸ ಹೋಗಲೂ ಇಲ್ಲ.

ಆ ಮಧ್ಯಾಹ್ನ ಹೊಟ್ಟೆಯ ಮೇಲೆ ಜಾಕೆಟ್ಟಿನ ಜಿಪ್ಪು ಕಿತ್ತುಬಂತು. ಯಾರೂ ಇಲ್ಲದ ಹೊತ್ತು ನೋಡಿ ಹೆಲ್ಮೆಟ್ಟು, ಗಟ್ಟಿ ಸಮೇತ ತಕ್ಕಡಿ ಹತ್ತಿದ. ಎಂಬತ್ತೊಂಬತ್ತು!

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಆ ಹುಡುಗಿಯ ಎಲೆಯ ನೊಣ ಹುಡುಕಿದೆನಲ್ಲ ಎಂದು ನಾಚಿಕೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಕೆಲಸವೇ ಹೋಗಬಹುದು. ಪಕ್ಕದ ಶೆಡ್ಡಿನಲ್ಲಿ ಅವಳು ನಾಲ್ಕನೇ ಸಲ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದಳು. ಕಣ್ಣು ಕೆಂಪಗಾಗಿತ್ತು. ಅವನಿಗೆ ನೋಡಲಾಗಲಿಲ್ಲ.

“ಬಿಚ್ಚಬೇಡ ಕಣೇ. ತಪ್ಪು ಇಂಜಿನ್ನಿನದಲ್ಲ, ನಂದು,” ಎಂದು ಒಂದೊಂದೇ ಗಟ್ಟಿ ತೆಗೆದು ಮೇಜಿನ ಮೇಲಿಟ್ಟ.

ಅವಳು ಮೊದಲು ಗಟ್ಟಿಗಳನ್ನು ನೋಡಿದಳು, ಆಮೇಲೆ ಅವನ ಹೊಟ್ಟೆಯನ್ನು. “ಭಾವಾ! ಅಕ್ಕನ ಅಡುಗೇನೆಲ್ಲ ನನ್ನ ಇಂಜಿನ್ ಹೊತ್ಕೊಂಡು ತಿರುಗ್ತಿತ್ತಾ?”

ಸೀಸವಿಲ್ಲದೆ ಓಡಿಸಿದಾಗ ಅರವತ್ತರ ಮೇಲೆ ಚೂರು ಬಂತು. ಅವಳು ನಗುತ್ತಲೇ ಅತ್ತುಬಿಟ್ಟಳು. ಮ್ಯಾನೇಜರು ಅವನಿಗೆ ಹಿಗ್ಗಾಮುಗ್ಗಾ ಬೈದರು. ಆದರೆ ಗಟ್ಟಿಯಿಲ್ಲದೆ, ಹೆಲ್ಮೆಟ್ಟು ಜಾಕೆಟ್ಟು ಸೇರಿ ಸರಿಯಾಗಿ ಎಪ್ಪತ್ತೈದು ತೂಗಿದ್ದರಿಂದ ಕೆಲಸ ಉಳಿಯಿತು.

ಪುಸ್ತಕದಲ್ಲಿ ಅವನ ತೂಕವನ್ನು ಅವಳೇ ಬರೆದಳು. “ಭಾವ, ಇನ್ನೊಂದು ಕೆಜಿ ಏರಿದ್ರೆ ತೆಗೆಯೋಕೆ ಸೀಸ ಇಲ್ಲ. ನಿಮ್ಮನ್ನೇ ತೆಗೀಬೇಕಾಗತ್ತೆ.”

ಅಂದು ಊಟಕ್ಕೆ ಕೂತಾಗ ಹೆಂಡತಿ ಎರಡನೇ ಸಲ ಬಡಿಸಲು ಬಂದಳು. ಅವನು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದ.

“ಯಾಕ್ರೀ, ಹುಷಾರಿಲ್ವಾ?” ಎಂದು ಅವಳು ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು.