ಗಾಜಿನ ಜಾಡಿ

ಹಾಗಾಗಲು ಸಾಧ್ಯವೇ ಇಲ್ಲ. ಫೋನಿನಲ್ಲಿ ಲ್ಯಾಬಿನ ಹುಡುಗಿ ಹೇಳಿದ್ದನ್ನು ಅವನು ಇನ್ನೊಮ್ಮೆ ಹೇಳಿಸಿದ. ಹೆಂಡತಿಯ ರಕ್ತದಲ್ಲಿ ವಿಟಮಿನ್ ಡಿ ಮತ್ತೂ ಇಳಿದಿತ್ತು, ಉರಿಯೂತ ಏರಿತ್ತು.

ಡಾಕ್ಟರು ಮಾತ್ರೆ ಬರೆದು ಸುಮ್ಮನಾಗಿದ್ದರು. ಕಾರಣ ಹುಡುಕಿದವನು ಅವನೇ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುವವನು. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ರಾಸಾಯನಿಕಗಳು ವಿಟಮಿನ್ ತಗ್ಗಿಸಬಹುದು, ಉರಿಯೂತ ಕೆರಳಿಸಬಹುದು ಎಂದು ಓದಿದ್ದ. ಆ 'ಬಹುದು'ಗಳನ್ನು ಓದುವಾಗಲೇ ನುಂಗಿಬಿಟ್ಟಿದ್ದ. ಅವಳ ಬೆರಳುಗಳು ಬಾತುಕೊಂಡದ್ದೇ ತಡ, ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳಿಗೆಲ್ಲ ಗೇಟ್‌ಪಾಸ್ ಕೊಟ್ಟ. ದಪ್ಪ ಗಾಜಿನ ಜಾಡಿಗಳು ಬಂದವು, ತಿರುಗಿಸಿ ಮುಚ್ಚುವ ಲೋಹದ ಮುಚ್ಚಳಗಳ ಸಮೇತ. ವಿಟಮಿನ್ ಮಾತ್ರೆಗಳನ್ನೂ ಪ್ಲಾಸ್ಟಿಕ್ ಬಾಟಲಿಯಿಂದ ಒಂದು ಜಾಡಿಗೆ ಸುರಿದ. ಅವಳು ಸಡಿಲ ಬಿಟ್ಟ ಮುಚ್ಚಳಗಳನ್ನು ಬಿಗಿದೇ ದಿನವೂ ಕೆಲಸಕ್ಕೆ ಹೋಗುತ್ತಿದ್ದ.

ಮನೆಗೆ ಬಂದಾಗ ಅವಳು ಕಿಟಕಿಯ ಬಿಸಿಲಿಗೆ ಕೈಯೊಡ್ಡಿ ಕೂತಿದ್ದಳು.

"ರಿಪೋರ್ಟ್ ಬಂತಾ?"

"ಬಂತು. ಹೊರಗಡೆ ಏನಾದ್ರೂ ತಿಂದ್ಯಾ?"

"ಇಲ್ಲ."

"ಪ್ಲಾಸ್ಟಿಕ್ ಬಾಟಲಿ ನೀರು?"

"ಇಲ್ಲರೀ. ಕಳ್ಳರನ್ನ ಕೇಳೋ ಹಾಗೆ ಕೇಳ್ತೀರಲ್ಲ."

ಅವನು ಅಡುಗೆಮನೆ ಜಾಲಾಡಿದ. ಎಲ್ಲೋ ಒಂದು ಪ್ಲಾಸ್ಟಿಕ್ ಉಳಿದಿರಲೇಬೇಕು. ಉಳಿದಿರಲಿಲ್ಲ. ಶೆಲ್ಫಿನಲ್ಲಿ ಮಾತ್ರೆಯ ಜಾಡಿ ಕಂಡಿತು. ಸುರಿದ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಜಾಡಿ ಹಿಡಿದು ಹೊರಬಂದ. "ಇದೇನಿದು, ತಗೊಂಡೇ ಇಲ್ವಾ?"

"ಮುಚ್ಚಳ ತೆಗೆಯೋಕೆ ಬರಲ್ಲ." ಅವಳು ಬೆರಳು ಮಡಚಲು ನೋಡಿದಳು. ಅವು ಅರ್ಧಕ್ಕೇ ನಿಂತವು.

"ಅಡುಗೆ ಹೇಗೆ ಮಾಡ್ತಿದ್ದೆ ಮತ್ತೆ?"

"ಪಕ್ಕದ ಮನೆಯವ್ರು ಬಂದು ತೆಗೆದುಕೊಡ್ತಾರೆ. ಮಾತ್ರೆಗೂ ಅವರನ್ನೇ ಕರೀಲಾ?"

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ತೆಗೆದುಕೊಡ್ತಿದ್ರಿ. ಜೊತೆಗೊಂದು ಪಾಠಾನೂ ಮಾಡ್ತಿದ್ರಿ."

ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗೂ ಮೊದಲು ಬಂದದ್ದು ಸಮಾಧಾನ: ಮಾತ್ರೆಯನ್ನೇ ತೆಗೆದುಕೊಂಡಿಲ್ಲವೆಂದರೆ, ಪ್ಲಾಸ್ಟಿಕ್ ವಿಷಯದಲ್ಲಿ ತಾನು ತಪ್ಪಿದೆನೆಂದು ಸಾಬೀತಾದಂತಲ್ಲ. ಯಾವುದು ಮೊದಲು ಬಂತೆಂದು ಅವಳಿಗೆ ಗೊತ್ತಾಗಿದೆ ಅನ್ನಿಸಿತು.

"ಇರು, ಈಗಲೇ ತೆಗೀತೀನಿ."



ಮುಚ್ಚಳ ಕದಲಲಿಲ್ಲ. ಬಟ್ಟೆ ಸುತ್ತಿದ. ಎದೆಗವಚಿ ಹಲ್ಲು ಕಚ್ಚಿ ತಿರುಗಿಸಿದ. ಅವನೇ ಬಿಗಿದದ್ದು, ಅವನ ಕೈಗೇ ಬರಬೇಕು. ಬಿಡುವ ಪ್ರಶ್ನೆಯೇ ಇರಲಿಲ್ಲ.

ಬಿಸಿಲು ಸರಿದ ಕಡೆಗೆ ಅವಳು ಕುರ್ಚಿ ಎಳೆದುಕೊಂಡಳು, ಅವನಿಗೆ ಬೆನ್ನು ಮಾಡಿ. ಅವನು ತಿರುಗಿಸುತ್ತಲೇ ಇದ್ದ. ಗಾಜಿನೊಳಗೆ ಮಾತ್ರೆಗಳು ಗಲಗಲ ಎನ್ನುತ್ತಿದ್ದವು.