ನಡುಗಡ್ಡೆಗೆ ಒಯ್ದ ನೀರು

ಮೇಡ್ಲೇರಿಯಲ್ಲಿ ಖಾಲಿ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆ. ಎಣ್ಣಿ ಮುಗಿದ ಮರುದಿನವೇ ಡಬ್ಬಿಗೆ ಬೇರೆ ಕೆಲಸ ಸಿಗುತ್ತದೆ. ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಬಿತ್ತುವ ಹೆಸರುಕಾಳು, ಇನ್ನೊಂದು ಬೆಳಿಗ್ಗೆ ಬಯಲಿಗೆ ಹೋಗುವಾಗ ಕೈಯಲ್ಲಿ. ದೊಡ್ಡದು, ಹಿಡಿಕೆ ಇರುವುದು, ಮುಚ್ಚಳ ಬಿಗಿಯಾಗಿ ಕೂರುವುದು ಸಿಕ್ಕರೆ ಅದಕ್ಕೆ ಮರ್ಯಾದೆ ಹೆಚ್ಚು. ಅದರಲ್ಲಿ ಕುಡಿಯುವ ನೀರು ತುಂಬುತ್ತಾರೆ.

ಚನ್ನೇಶನ ಮನೆಯಲ್ಲಿ ಅಂಥ ಎರಡು ಕ್ಯಾನುಗಳಿದ್ದವು. ಅವನದು ಟೊಮ್ಯಾಟೊ ಬೀಜದ ಪ್ಲಾಟು. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಊರಿನ ಹೆಣ್ಣುಮಕ್ಕಳು ದಿನಾ ಕೂಲಿಗೆ ಬರುತ್ತಿದ್ದರು. ಅವರಿಗೆ ಚನ್ನೇಶನ ತಾಯಿ ಬೀರವ್ವ ಒಂದು ಕ್ಯಾನಿನಲ್ಲಿ ನೀರು ಒಯ್ಯುತ್ತಿದ್ದಳು. ಇನ್ನೊಂದು ಕ್ಯಾನು ಈ ಸಲ ಸಮುದ್ರಕ್ಕೆ ಹೊರಟಿತ್ತು.

ಅದು 2006ರ ಸಂಕ್ರಮಣ ಮುಗಿದ ವಾರ. ಹೊರಟವರು ಮೂವರು: ಚನ್ನೇಶ, ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಆಟೊ ಓಡಿಸುವ ಹೊಳಿಯಪ್ಪ, ಬೀಜ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ ಮಾಡುವ ಸುಭಾಷ. ಶಾಲೆಯಿಂದ ಗೆಳೆಯರು. ಕುಮಟಾದ ಆಚೆ, ದಂಡೆಯಿಂದ ದೂರ, ಯಾರೂ ವಾಸವಿಲ್ಲದ ಒಂದು ಸಣ್ಣ ನಡುಗಡ್ಡೆ ಇದೆಯೆಂದು ಹೊಳಿಯಪ್ಪನಿಗೆ ಆಟೊ ಹತ್ತಿದ ಗಿರಾಕಿಯೊಬ್ಬ ಹೇಳಿದ್ದ. ಅಲ್ಲಿ ಒಂದು ರಾತ್ರಿ ಕಳೆಯಬೇಕು, ಖರ್ಚು ಮಾತ್ರ ಕಡಿಮೆ ಆಗಬೇಕು. ಖರ್ಚು ಕಡಿಮೆ ಮಾಡುವ ಉಸ್ತುವಾರಿ ಚನ್ನೇಶನದು. ಟೆಂಟಿನ ಬದಲು ರಾಶಿ ಮುಚ್ಚುವ ತಾಡಪಾಲು. ಊಟಕ್ಕೆ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ.

“ಕುಡಿಯೂ ನೀರಿಗೆ ಹೊಸಾ ಕ್ಯಾನ್ ಒಂದ ತಗೊಳ್ಳೂಣು,” ಎಂದಿದ್ದ ಸುಭಾಷ.

“ಮನ್ಯಾಗ ಐತಿ ತಗೋ,” ಎಂದ ಚನ್ನೇಶ. “ಪಗಾರದಾಂವ ನೀನು, ನಿನಗ ಎಲ್ಲಾ ಹೊಸಾದ ಬೇಕು.”

ಸುಭಾಷ ಮುಂದೆ ಕೇಳಲಿಲ್ಲ. ಮನೆಯಲ್ಲಿರುವ ಕ್ಯಾನು ಯಾವುದು ಎಂದು ಕೇಳಬೇಕಿತ್ತು.

ಹೊರಡುವ ದಿನ ಬೆಳಿಗ್ಗೆ ಚನ್ನೇಶ ಅಂಗಳದಲ್ಲಿ ಕೂತು ಕ್ಯಾನಿನ ಸುತ್ತ ಗೋಣಿ ತಾಟು ಹೊಲಿದ. ಗೋಣಿ ಒದ್ದೆ ಮಾಡಿದರೆ ನೀರು ತಣ್ಣಗಿರುತ್ತದೆ. ಅವನ ತಂಗಿ ದೀಪಿಕಾ ದಾರ ಹಿಡಿದು ನಿಂತಿದ್ದಳು.

“ಅಣ್ಣಾ, ಅದರಾಗಿನ ನೀರ ಒಂಥರಾ ವಾಸನಿ ಬರತಾವು. ಇನ್ನೊಂದರದೂ ಹಂಗ ಅಂತಾರ ಹೊಲದಾಗ ಹೆಣಮಕ್ಕಳು.”

“ನಿನ್ನ ಮೂಗ ಭಾಳ ಚೂಪ ಆಗೇತಿ. ಲಗೂ ದಾರ ತಾ.”

ಒಳಗಿನಿಂದ ಬೀರವ್ವ ಬಂದಳು. “ಸೋಪಿನ ಪುಡಿ ಹಾಕೇನಿ, ಹುಣಸಿಹಣ್ಣ ಹಾಕಿ ತಿಕ್ಕೇನಿ, ಬಿಸಿಲಿಗೆ ಇಟ್ಟೇನಿ. ಇನ್ನೇನ, ಜಳಕಾ ಮಾಡಿಸಿ ಕುಂಕಮ ಹಚ್ಚಲೇನ ಅದಕ್ಕ?” ಎಂದು ತಾನೇ ಕೊಡದಿಂದ ನೀರು ಬಗ್ಗಿಸಿದಳು. “ಸಮುದ್ರದ ಊರಿನ ನೀರ ನಿಮಗ ಒಗ್ಗೂದಿಲ್ಲ. ಇದನ್ನ ಕುಡೀರಿ.”

ಹಾವೇರಿ, ಶಿರಸಿ ದಾಟಿ ಬಸ್ಸು ಬದಲಿಸುತ್ತ ಮೂವರೂ ದಂಡೆ ಮುಟ್ಟಿದಾಗ ಸಂಜೆ. ಅಂದು ಬೋಟಿನವನ ಜಗುಲಿಯಲ್ಲೇ ಮಲಗಿದರು. ಮರುದಿನ ಬೆಳಿಗ್ಗೆ ಅವನು ಮೂವರನ್ನೂ ನಡುಗಡ್ಡೆಗೆ ಬಿಟ್ಟ.

“ಕುಡಿಯೂಕೆ ನೀರು ಉಂಟಲ್ಲ? ಇಲ್ಲಿ ಒಂದು ಹನಿ ಸಿಗೂದಿಲ್ಲ,” ಎಂದ.

ಚನ್ನೇಶ ಕ್ಯಾನು ತಟ್ಟಿ ತೋರಿಸಿದ. ನಾಳೆ ಬೆಳಿಗ್ಗೆ ಬರುತ್ತೇನೆಂದು ಬೋಟಿನವನು ಹೋದ.

ಹೊಳಿಯಪ್ಪ ಮೊಣಕಾಲು ನೀರಿನಲ್ಲಿ ನಿಂತು ನೋಡಿಯೇ ನೋಡಿದ. “ನಮ್ಮ ತುಂಗಭದ್ರಾ ಎಷ್ಟ ತುಂಬಿದ್ರೂ ಆಚಿ ದಂಡಿ ಕಾಣತೈತಿ. ಇದಕ್ಕ ಆಚಿ ದಂಡಿನ ಇಲ್ಲಲೇ.”

“ಇದ್ದಿದ್ರ ಅಲ್ಲೂ ಆಟೊ ಸ್ಟ್ಯಾಂಡ್ ಮಾಡತಿದ್ದಿ,” ಎಂದ ಚನ್ನೇಶ.

ತಾಡಪಾಲು ಕಟ್ಟಲು ಕಟ್ಟಿಗೆ ಹೊತ್ತು, ಕಲ್ಲು ಹೊತ್ತು ಎಲ್ಲರಿಗೂ ಬೆವರು ಹರಿಯಿತು. ಹೆಚ್ಚು ದುಡಿದವನು ಹೊಳಿಯಪ್ಪ, ಹೆಚ್ಚು ಕುಡಿದವನೂ ಅವನೇ. ತಂಬಿಗೆ ಮೇಲೆ ತಂಬಿಗೆ ಇಳಿಸಿದ. ಊಟಕ್ಕೆ ಮೊದಲು ಗೋಣಿಯನ್ನು ಒದ್ದೆ ಮಾಡೋಣವೆಂದು ಸುಭಾಷ ಕ್ಯಾನನ್ನು ಸಮುದ್ರದ ಅಂಚಿಗೆ ಎಳೆದ. ಬಂಡೆಗೆ ಉಜ್ಜಿ ಗೋಣಿಯ ಹೊಲಿಗೆ ಬಿಚ್ಚಿತು. ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಲೇಬಲ್ ಕೆರೆದ ಗುರುತು. ಒಂದು ಮೂಲೆಯಲ್ಲಿ ಕೆಂಪು ಬಣ್ಣದ ತ್ರಿಕೋನ ಅರ್ಧ ಉಳಿದಿತ್ತು. ಸುಭಾಷ ಮುಚ್ಚಳ ತೆಗೆದು ಮೂಸಿದ.

“ಚನ್ಯಾ, ಇದು ಎಣ್ಣಿ ಕ್ಯಾನಲೇ.”

“ಇತ್ತು. ಈಗ ನೀರಿನ ಕ್ಯಾನು.”

“ಯಾವ ಎಣ್ಣಿ ಇತ್ತು?”

“ಯಾವದೋ. ಯಾರಿಗೆ ನೆಪ್ಪೈತಿ? ನಮ್ಮವ್ವ ತೊಳದಾಳ, ಚೊಕ್ಕ ಐತಿ.”

“ಎಷ್ಟ ತೊಳದ್ರೂ ಹೋಗೂದಿಲ್ಲ. ಪ್ಲಾಸ್ಟಿಕ್ಕು ಎಣ್ಣಿ ಹೀರಿಕೊಂಡಿರತೈತಿ. ನೀರ ತುಂಬಿ ಇಟ್ರ ಸಾವಕಾಶ ಬಿಡಕೋತ ಹೋಗತೈತಿ. ಕೆಂಪು ತ್ರಿಕೋನ ಅಂದ್ರ ಎಲ್ಲಾಕ್ಕಿಂತ ಕಡಕ್ ವಿಷ.”

“ನಮ್ಮ ಪ್ಲಾಟಿನ್ಯಾಗ ದಿನಾ ಕುಡೀತಾರ. ಯಾರ ಸತ್ತಾರ ಹೇಳು.”

ತಾಡಪಾಲಿನ ನೆರಳಿನಿಂದ ಹೊಳಿಯಪ್ಪನ ದನಿ ಬಂತು. “ತಲಿ ತಿರಗಾಕತ್ತೈತಿ.” ಅಷ್ಟು ಹೇಳಿ ಪಕ್ಕಕ್ಕೆ ಹೊರಳಿ ವಾಂತಿ ಮಾಡಿದ. ಮೈ ಬೆವರಿ ತಣ್ಣಗಾಗಿತ್ತು. ಬಾಯಲ್ಲಿ ಜೊಲ್ಲು ನಿಲ್ಲುತ್ತಿರಲಿಲ್ಲ.

“ಬೋಟಿನ್ಯಾಗ ಕುಂತ ಹಂಗಾಗೇತಿ,” ಎಂದ ಚನ್ನೇಶ. “ಬಿಸಿಲ ಬ್ಯಾರೆ ಐತಿ.”

“ಇರಬಹುದು. ಬೋಟಿಗೂ ವಾಂತಿ ಬರತೈತಿ, ಬಿಸಿಲಿಗೂ ಬರತೈತಿ, ಎಣ್ಣಿಗೂ ಬರತೈತಿ. ಯಾವದಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅದಕ್ಕನ ದವಾಖಾನಿಗೆ ಒಯ್ಯೂದು.”

ಚನ್ನೇಶನಿಗೆ ಸಿಟ್ಟು ಬಂತು. ತಂಬಿಗೆ ತುಂಬಿದ. “ನಾ ಕುಡದ ತೋರಸ್ತೇನಿ ನೋಡು.”

“ಕುಡಿ. ಆಮ್ಯಾಲ ಇಬ್ಬರನ್ನ ಹೊರಬೇಕು. ನನ್ನ ಕಡೆ ಒಬ್ಬನ್ನ ಹೊರೂವಷ್ಟ ಶಕ್ತಿ ಐತಿ.”

ಚನ್ನೇಶ ತಂಬಿಗೆ ಹಿಡಿದು ನಿಂತ. ಹೊಳಿಯಪ್ಪ ಮತ್ತೆ ವಾಂತಿ ಮಾಡಿದ. ಚನ್ನೇಶ ನೀರನ್ನು ಮರಳಿಗೆ ಚೆಲ್ಲಿದ. “ಉಪ್ಪುನೀರ ಕುಡಸೂಣೇನು? ಪೂರಾ ಹೊರಗ ಬರಲಿ.”

“ಬ್ಯಾಡ. ಡಾಕ್ಟರ್ ಹೇಳದ ಏನೂ ಕುಡಸಬಾರದು. ಅವನ್ನ ಮಗ್ಗಲಾಗಿ ಮಲಗಸು, ವಾಂತಿ ಗಂಟಲಾಗ ಸಿಗಬಾರದು.”

ಬೋಟು ಬರುವುದು ಮರುದಿನ. ಸುಭಾಷನ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೊಳಿಯಪ್ಪ ಅಲ್ಲಿಯವರೆಗೆ ತಾಳುತ್ತಾನೋ ಇಲ್ಲವೋ ಎಂದು ಹೇಳುವವರು ಆ ನಡುಗಡ್ಡೆಯಲ್ಲಿ ಯಾರೂ ಇರಲಿಲ್ಲ. ಚನ್ನೇಶ ತಾಡಪಾಲು ಬಿಚ್ಚಿ ಎತ್ತರದ ಬಂಡೆ ಹತ್ತಿದ. ನೀಲಿ ತಾಡಪಾಲನ್ನು ತಲೆಯ ಮೇಲೆ ಹಿಡಿದು ಬೀಸಿದ. ಮೊದಲ ಮೀನುದೋಣಿ ತನ್ನ ಪಾಡಿಗೆ ಹೋಯಿತು. ತೋಳು ಸೋತರೂ ಬೀಸುವುದನ್ನು ಬಿಡಲಿಲ್ಲ. ಎರಡನೆಯದು ತಿರುಗಿತು.

ದೋಣಿ ಹತ್ತುವಾಗ ಸುಭಾಷ ಹೇಳಿದ: “ಆ ಕ್ಯಾನ್ ತಗೋ. ಡಾಕ್ಟರ್ ಕೇಳತಾರ.”

ಹೊಳಿಯಪ್ಪ ಕಣ್ಣು ಮುಚ್ಚಿಕೊಂಡೇ ಅಂದ: “ಲೇ, ವಾಪಸ್ ಬಾಡಿಗಿ ನಾ ಕೊಡೂದಿಲ್ಲ.”

ಕುಮಟಾದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಳಿಯಪ್ಪನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ನಾಡಿ ಹಿಡಿದರು. ಆಮೇಲೆ ಕ್ಯಾನಿನ ಕಡೆ ತಿರುಗಿದರು.

“ಇದರಲ್ಲಿ ಯಾವ ಔಷಧಿ ಇತ್ತು?”

“ಗೊತ್ತಿಲ್ರಿ ಡಾಕ್ಟರ,” ಎಂದ ಚನ್ನೇಶ.

“ಲೇಬಲ್ ಎಲ್ಲಿ?”

“ತಿಕ್ಕಿ ತಗದೇನ್ರಿ.”

“ಯಾಕೆ?”

“ನೀರಿನ ಕ್ಯಾನಿನ ಮ್ಯಾಲ ವಿಷದ ಚಿತ್ರ ಇದ್ರ ಕುಡಿಯಾಕ ಮಂದಿ ಹಿಂದ ಮುಂದ ನೋಡತಾರಂತ್ರಿ.”

ಡಾಕ್ಟರಮ್ಮ ಅರ್ಧ ಉಳಿದ ಕೆಂಪು ತ್ರಿಕೋನದ ಮೇಲೆ ಬೆರಳಿಟ್ಟರು. “ನೋಡಲಿ ಅಂತಲೇ ಆ ಚಿತ್ರ ಹಾಕಿರುತ್ತಾರೆ. ಎಲ್ಲ ವಿಷಕ್ಕೂ ಒಂದೇ ಮದ್ದಲ್ಲ. ಯಾವುದಕ್ಕೆ ಯಾವ ಮದ್ದು ಅಂತ ಲೇಬಲ್ ಮೇಲೆ ಬರೆದಿರುತ್ತದೆ. ಈಗ ನಾನು ಲಕ್ಷಣ ನೋಡಿಕೊಂಡೇ ಚಿಕಿತ್ಸೆ ಮಾಡಬೇಕು.”

ಸಲಾಯಿನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಬೆಳಗಿನವರೆಗೆ ಕಣ್ಣಿಟ್ಟು ನೋಡಬೇಕು, ಈಗಲೇ ಏನೂ ಹೇಳಲಾರೆ ಎಂದರು. ಚನ್ನೇಶ ಹೊರಗೆ ಬೆಂಚಿನ ಮೇಲೆ ಕೂತ. ಕೂತವನು ಥಟ್ಟನೆ ಎದ್ದ.

“ಸುಭಾಷಾ, ಇನ್ನೊಂದ ಕ್ಯಾನ್ ಅವ್ವನ ಕಡೆ ಐತಿ. ನಾಳಿ ಮುಂಜಾನಿ ಪ್ಲಾಟಿಗೆ ಒಯ್ತಾಳ.”

ಸುಭಾಷನ ಮೊಬೈಲಿನ ಚಾರ್ಜು ಮುಗಿದಿತ್ತು; ಇಬ್ಬರೂ ಎಸ್‌ಟಿಡಿ ಬೂತಿಗೆ ಓಡಿದರು. ಮೇಡ್ಲೇರಿಯಲ್ಲಿ ದೇವವ್ವನ ಕಿರಾಣಿ ಅಂಗಡಿಗೆ ಫೋನಿತ್ತು. ಆಕೆ ಬೀರವ್ವನನ್ನು ಕರೆಸಿದಳು. ಜೊತೆಗೆ ದೀಪಿಕಾಳೂ ಬಂದಳು. ಚನ್ನೇಶ ನಡೆದದ್ದನ್ನೆಲ್ಲ ಹೇಳಿ, ಆ ಕ್ಯಾನಿನಲ್ಲಿ ಇನ್ನು ನೀರು ಒಯ್ಯಬೇಡ ಎಂದ.

“ಹ್ವಾದ ವರ್ಷದಿಂದ ಒಯ್ಯಾಕತ್ತೇನಿ,” ಎಂದಳು ಬೀರವ್ವ. “ಯಾರಿಗೇನ ಆಗೇತಿ?”

“ಮಧ್ಯಾಹ್ನ ತಲಿ ನೋವು ಅಂತ ಎಷ್ಟ ಮಂದಿ ಕುಂದರತಾರ, ನಾವು ಬಿಸಿಲಿಗೆ ಅಂತೇವಿ. ಬಿಸಿಲಿಗೂ ಇರಬಹುದು. ಖರೇ ಯಾವದಕ್ಕಂತ ಹೆಂಗ ಹೇಳತಿ?” ಎಂದ ಚನ್ನೇಶ.

“ನೀ ಬಾ, ಆಮ್ಯಾಲ ನೋಡೂಣು.”

“ನಾ ಬರೂತನಕಾ ಅವರು ಕುಡೀತಾರಲ್ಲವ್ವಾ.”

“ಹಂಗಾದ್ರ ಎದರಾಗ ಒಯ್ಲಿ?” ಬೀರವ್ವನ ದನಿ ಏರಿತು. “ಕೊಡಾ ಹೊತ್ತರ ನಡಾ ಹಿಡಿತೈತಿ. ಅದಕ್ಕ ಹಿಡಿಕಿ ಐತಿ, ಮುಚ್ಚಳ ಐತಿ, ತುಳಕೂದಿಲ್ಲ. ನೀವು ಸಮುದ್ರ ನೋಡಾಕ ಹೋಗತೀರಿ, ನೀರ ಹೊರಾಕಿ ನಾನು.”

ಬೀರವ್ವನ ಮಾತು ಸರಿಯಾಗಿಯೇ ಇತ್ತು. ಸುಭಾಷ ಫೋನು ತೆಗೆದುಕೊಂಡ.

“ಯವ್ವಾ, ನಾ ಸುಭಾಷ. ಹೊಳಿಯಪ್ಪನ ಕೈಗೆ ಸಲಾಯಿನ್ ಹಚ್ಯಾರ. ಇನ್ನೂ ಏನೂ ಹೇಳವಲ್ಲರು.”

ಹೊಳಿಯಪ್ಪ ಹುಡುಗನಿದ್ದಾಗಿನಿಂದ ಬೀರವ್ವನ ಮನೆಯಲ್ಲಿ ಉಂಡವನು.

“ನಾ ತುಂಬಿ ಕೊಟ್ಟ ನೀರೇನು?” ಎಂದಳು ಬೀರವ್ವ.

“ಹೌದವ್ವಾ.”

“ದೀಪಿಕಾ,” ಎಂದು ಆಕೆ ಪಕ್ಕಕ್ಕೆ ತಿರುಗಿ ಹೇಳಿದ್ದು ಫೋನಿನಲ್ಲಿ ಕೇಳಿಸಿತು. “ಮನಿಗೆ ಹೋಗಿ ಆ ಕ್ಯಾನಿನ ನೀರ ಚೆಲ್ಲು. ಕಬ್ಬಿಣದ ಹಾರಿ ತಗದ ಇಡು, ಬಂದೆ.”

ಹೊಳಿಯಪ್ಪ ಬದುಕಿದ. ಬೆಳಗಿನ ಜಾವಕ್ಕೆ ಬೆವರು ನಿಂತಿತು, ಚಹಾ ಕೇಳಿದ. ಲಕ್ಷಣಗಳೆಲ್ಲ ಕೀಟನಾಶಕದ ಕಡೆಗೇ ಇವೆ, ಇನ್ನೂ ತಡವಾಗಿದ್ದರೆ ಉಸಿರಿಗೆ ತೊಂದರೆ ಆಗಬಹುದಿತ್ತು ಎಂದರು ಡಾಕ್ಟರಮ್ಮ.

ಮೂವರೂ ಮೇಡ್ಲೇರಿಗೆ ಬಂದಾಗ ಬೀರವ್ವ ಮೊದಲು ಹೊಳಿಯಪ್ಪನ ಮುಖ ನೋಡಿದಳು, ಆಮೇಲೆ ಹಿತ್ತಲು ತೋರಿಸಿದಳು. ಕ್ಯಾನಿನ ಹೊಟ್ಟೆಗೆ ಹಾರಿಯಿಂದ ತಿವಿದ ತೂತುಗಳು. ಹೊಲದ ಹೆಣ್ಣುಮಕ್ಕಳು ಈಗ ತಮ್ಮ ತಮ್ಮ ಮನೆಯಿಂದ ಬಾಟ್ಲಿಯಲ್ಲಿ ನೀರು ತರುತ್ತಿದ್ದರು. ಅದು ಸಾಲದಿದ್ದರೆ ಎಂದು ದೀಪಿಕಾ ಸೈಕಲ್ಲಿಗೆ ಸ್ಟೀಲ್ ಕೊಡ ಕಟ್ಟಿಕೊಂಡು ಹೋಗುತ್ತಿದ್ದಳು. ಬೀರವ್ವನ ನಡಕ್ಕೆ ಅಷ್ಟು ಆರಾಮ.

“ಹೆಂಗೂ ತೂತ ಬಿದ್ದಾವು,” ಎಂದಳು ಬೀರವ್ವ. “ಮಣ್ಣ ತುಂಬಿ ಕರಿಬೇವ ಹಚ್ಚಲೇನ ಇದರಾಗ?”

“ಯವ್ವಾ,” ಎಂದ ಹೊಳಿಯಪ್ಪ, “ಅದರಾಗಿನ ಕರಿಬೇವಿನ ಒಗ್ಗರಣಿ ಮತ್ತ ನನಗ ಹಾಕತಿ.”

ಬೀರವ್ವ ನಕ್ಕಳು. ಸಮುದ್ರಕ್ಕೆ ಹೋಗಿ ಬಂದ ಕ್ಯಾನಿಗೂ ತೂತು ಹೊಡೆದು, ಎರಡನ್ನೂ ಬಾವಿಯಿಂದ, ಹೊಳೆಯಿಂದ ದೂರ, ಹೊಲದ ಬಂಜರು ಮೂಲೆಯಲ್ಲಿ ಆಳಕ್ಕೆ ಹೂಳಿದರು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದೆ. ಇಲ್ಲ ಎನ್ನುವ ಮೊದಲು ಹಿತ್ತಲಿಗೆ, ದನದ ಕೊಟ್ಟಿಗೆಗೆ ಹೋಗಿ ನೋಡಿ. ಎಣ್ಣಿ ಮುಗಿದ ಡಬ್ಬಿಯನ್ನು ಹೊಲದಲ್ಲೇ ಮೂರು ಸಲ ನೀರು ಹಾಕಿ ಗಲಬರಿಸಿ, ಆ ನೀರನ್ನು ಹೊಡೆಯುವ ಪಂಪಿಗೇ ಹಾಕಿ. ಮತ್ತೆ ಯಾರೂ ಬಳಸದಂತೆ ತೂತು ಹೊಡೆದು, ನೀರಿನ ಸೆಲೆಯಿಂದ ದೂರ ಹೂಳಿ. ಸುಡಬೇಡಿ, ಹೊಗೆಯೂ ವಿಷವೇ. ಎಣ್ಣಿ ಇರುವ ಡಬ್ಬಿಯ ಲೇಬಲ್ ಕೀಳಬೇಡಿ. ಯಾರಿಗಾದರೂ ಹೆಚ್ಚು ಕಡಿಮೆ ಆದರೆ ಆ ಡಬ್ಬಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಹೊಸ ಕ್ಯಾನು ಕೊಳ್ಳಲು ದುಡ್ಡಿಲ್ಲದಿದ್ದರೆ ಕೊಡದಲ್ಲಿ ಒಯ್ಯಿರಿ. ಭಾರವೆನಿಸಿದರೆ ಮನೆಯ ಗಂಡಸರು ಹೊರಲಿ. ಸಂಘದಲ್ಲಿ ಇದನ್ನು ಓದುತ್ತಿದ್ದರೆ, ಏಳುವ ಮೊದಲು ಒಬ್ಬೊಬ್ಬರೂ ಹೇಳಿ: ನಾಳೆ ಹೊಲದ ಹೆಣ್ಣುಮಕ್ಕಳಿಗೆ ನೀವು ಯಾವ ಪಾತ್ರೆಯಲ್ಲಿ ನೀರು ಕೊಡುತ್ತೀರಿ?