ನಂಬರ್ ಬರೆದ ಕಲ್ಲು

ಮಾಲೀಕ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದಾಗ ಅಕ್ಕ ಕಿಟಕಿಯಿಂದ ಹೊರಗೆ ನೋಡಿದಳು. ಅಂಗಳದಲ್ಲಿ ಐದು ಲಾರಿಗಳು ನಿಂತಿದ್ದವು. ಗೋಲಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲುವಷ್ಟು ಸಮತಟ್ಟಾದ ನೆಲ. ಆದರೂ ಐದು ಲಾರಿಗಳ ಚಕ್ರಕ್ಕೂ ಕಲ್ಲು ಕೊಟ್ಟಿದ್ದರು.

ಅವಳು ತಟ್ಟನೆ ಈ ಕಡೆ ತಿರುಗಿದಳು. ಪಕ್ಕದ ಕುರ್ಚಿಯಲ್ಲಿ ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡು ಮದುಮಗನ ಹಾಗೆ ಕೂತಿದ್ದ. ಲಾರಿ ಓಡಿಸುವ ಲೈಸೆನ್ಸ್ ಕೈಗೆ ಬಂದು ಮೂರು ತಿಂಗಳಾಗಿತ್ತು. ಅವನ ಅರ್ಜಿಗಳನ್ನೆಲ್ಲ ಬರೆದವಳು ಅವಳೇ, ಒಂದೊಂದು ಪದವನ್ನೂ ಮೂರು ಸಲ ತೂಗಿ ನೋಡಿ. ಹನ್ನೊಂದು ಅರ್ಜಿಗೆ ಎರಡು ಕಡೆಯಿಂದ ಕರೆ ಬಂದಿತ್ತು.

ಮೊದಲನೆಯ ಕಡೆ ನಿನ್ನೆ ಹೋಗಿ ಬಂದಿದ್ದರು. ಅಲ್ಲಿ ಯಾವ ಗಾಡಿಯ ಬ್ರೇಕನ್ನು ಯಾವತ್ತು ನೋಡಿದ್ದು ಎಂಬ ಪಟ್ಟಿ ಗೋಡೆಯ ಮೇಲಿತ್ತು. ಮ್ಯಾನೇಜರು ಮೆತ್ತಗೆ ಹೇಳಿದ್ದರು: "ಒಂದು ವರ್ಷ ನಮ್ಮ ಹಳೇ ಡ್ರೈವರ್ ಪಕ್ಕ ಕೂತ್ಕೊಳ್ಳಿ. ಆಮೇಲೆ ಸ್ಟೇರಿಂಗ್ ಕೊಡ್ತೀವಿ. ಸೋಮವಾರದೊಳಗೆ ತಿಳಿಸಿ."

ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ ತಮ್ಮ, ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಬಾಯಿ ಬಿಟ್ಟಿದ್ದ. "ಆರು ವರ್ಷ ಕ್ಲೀನರಾಗಿ ಆ ಪಕ್ಕದ ಸೀಟನ್ನೇ ಸವೆಸಿದ್ದೀನಿ ಅಕ್ಕ. ಇನ್ನೂ ಒಂದು ವರ್ಷವಾ?"

ಮಾಲೀಕ ಫೋನ್ ಕೆಳಗಿಟ್ಟ.

"ಪುಟ್ಟ, ಸರ್ಟಿಫಿಕೇಟ್ ಕೊಡು ಅವರಿಗೆ," ಎಂದಳು ಅಕ್ಕ, ಅಭ್ಯಾಸಬಲದಿಂದ.

ಮಾಲೀಕ ಹೊಟ್ಟೆ ಕುಣಿಯುವಂತೆ ನಕ್ಕ. "ಪುಟ್ಟನಾ! ಹತ್ತು ಚಕ್ರದ ಗಾಡಿ ಕೊಡ್ತಿದ್ದೀನಮ್ಮ, ಹಾಲು ಗೀಲು ಕುಡಿಸಿ ಕರ್ಕೊಂಡು ಬಂದಿದ್ದೀರಿ ತಾನೆ?" ತಮ್ಮನ ಕಿವಿ ಕೆಂಪಾಯಿತು. "ಕಾಗದ ಹಾಗಿರಲಿ ಬಿಡಪ್ಪ. ನಾಲ್ಕನೇ ಗಾಡಿ ಲೋಡಾಗಿ ನಿಂತಿದೆ. ಈಗಲೇ ಹೊರಡ್ತೀಯಾ?"

"ಹೊರಡ್ತೀನಿ ಸಾರ್."

"ಚಕ್ರಕ್ಕೆಲ್ಲ ಕಲ್ಲು ಯಾಕೆ ಕೊಟ್ಟಿದ್ದೀರಿ?" ಅಕ್ಕ ಕೇಳಿಯೇಬಿಟ್ಟಳು.

"ಜೋಪಾನಕ್ಕಮ್ಮ. ನೀವು ಮನೆ ಬಾಗಿಲಿಗೆ ಚಿಲಕ ಹಾಕಲ್ವಾ?" ಎಂದು ಮಾಲೀಕ ಬೀಗದ ಕೈಯನ್ನು ಮೇಜಿನ ಮೇಲೆ ಜಾರಿಸಿದ. ತಮ್ಮ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ.

ಹೊರಗೆ ಬಂದು ಅಕ್ಕ ನಾಲ್ಕನೇ ಲಾರಿಯ ಮುಂದೆ ಬಗ್ಗಿ ನೋಡಿದಳು. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ನಾಲ್ಕು ಎಂದು ಬರೆದಿತ್ತು. ಪಕ್ಕದ ಲಾರಿಯ ಕಲ್ಲಿನ ಮೇಲೆ ಐದು. ಒಂದೆರಡು ದಿನದ ಮಟ್ಟಿಗೆ ಇಟ್ಟ ಕಲ್ಲಿಗೆ ಯಾರೂ ನಂಬರ್ ಬರೆಯುವುದಿಲ್ಲ. ರಿಪೇರಿಯ ಯೋಚನೆಯನ್ನೇ ಕೈಬಿಟ್ಟವರು ಬರೆಯುತ್ತಾರೆ.

"ಪುಟ್ಟ, ಇದರ ಹ್ಯಾಂಡ್ ಬ್ರೇಕ್ ಹಿಡಿಯಲ್ಲ ಕಣೋ."

"ಗೊತ್ತು. ಗೇಟಿಂದ ಬರ್ತಾನೇ ನೋಡಿದೆ."

"ನೋಡಿಯೂ ಹೊರಟೆಯಾ?"

"ಕಾಲಿನ ಬ್ರೇಕ್ ಇರತ್ತೆ."

"ಇರತ್ತೆ ಅಂದ್ರೆ? ಇದೆಯಾ?"

ಅವನು ಬಾಗಿಲಿನ ಹಿಡಿಯನ್ನು ನೋಡುತ್ತ ನಿಂತ. "ನಿನಗೆ ಕಾಲೇಜು ಮುಗಿದ ವಾರಕ್ಕೇ ಆಫೀಸಲ್ಲಿ ಮೇಜು ಕುರ್ಚಿ ಕೊಟ್ರು. ಇನ್ನೊಬ್ಬರ ಪಕ್ಕ ಒಂದು ವರ್ಷ ಸುಮ್ನೆ ಕೂತಿರು ಅಂತ ಯಾರಾದ್ರೂ ಅಂದ್ರಾ?"

ಅವಳಿಗೆ ಯಾರೂ ಹಾಗೆ ಅಂದಿರಲಿಲ್ಲ.

ಅವನು ಹತ್ತಿ ಕೂತ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅಷ್ಟು ಎತ್ತರದಲ್ಲಿ ಅವನ ಮುಖ ಅರಳಿತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಭಯವಾಯಿತು.

"ಅಕ್ಕಾ, ಕಲ್ಲು ತೆಗಿ!"

ಅವಳು ಸುತ್ತ ನೋಡಿದಳು. ಬೇರೆ ಯಾರೂ ಇರಲಿಲ್ಲ. ತೆಗೆಯದಿದ್ದರೆ? ತಾನೇ ಇಳಿದು ಬಂದು ತೆಗೆಯುತ್ತಾನೆ, ಆಮೇಲೆ ವರ್ಷಗಟ್ಟಲೆ ಮಾತು ಬಿಡುತ್ತಾನೆ.

ಲಾರಿ ಒಂದು ಗೇಣು ಹಿಂದೆ ಸರಿಯಿತು. ಅವಳು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಕಲ್ಲನ್ನು ಎಳೆದುಕೊಂಡಳು. ಬಿಸಿಲಿಗೆ ಕಾದಿತ್ತು.

"ಈ ಕಡೆ ಕೊಡು. ದಾರೀಲಿ ಬೇಕಾಗತ್ತೆ."

ಅವಳು ಆ ಭಾರವನ್ನು ಎದೆಗವಚಿಕೊಂಡು ಇನ್ನೊಂದು ಬಾಗಿಲಿನ ಮೆಟ್ಟಿಲ ತನಕ ಎತ್ತಿದಳು. ಅವನು ಬಗ್ಗಿ ತೆಗೆದುಕೊಂಡು, ಆರು ವರ್ಷ ತಾನು ಕೂತಿದ್ದಂಥ ಪಕ್ಕದ ಸೀಟಿನ ಮೇಲೆ ಅದನ್ನು ಕೂರಿಸಿದ.

"ಹುಷಾರು" ಎಂಬ ಮಾತು ಎಂಜಿನ್ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ.

ಗೇಟಿನ ಹತ್ತಿರ ಲಾರಿ ನಿಧಾನವಾಗಬೇಕಿತ್ತು. ಅವಳು ಚಕ್ರಗಳನ್ನೇ ನೋಡಿದಳು. ನಿಧಾನವಾಯಿತು. ಗೇಟಿನಾಚೆ ಇಳಿಜಾರಿತ್ತು, ಅದು ಅವಳು ನಿಂತಲ್ಲಿಗೆ ಕಾಣುತ್ತಿರಲಿಲ್ಲ.